ಗರಡಿಯ ಭಾರ, ಮುಪ್ಪಿನ ಬಲ

ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗಿನ ಸಾಧನೆಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ಅರಸ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ತೂಕಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು ಮಾಡಿ, ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿದು, ಕುದುರೆ ಏರಿ ಬಯಲಿಗೆ ಹೋಗುತ್ತಿದ್ದ. ಅದಕ್ಕೂ ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ‘ಮಲ್ಲವಿನೋದ’ ಎಂಬ ಭಾಗದಲ್ಲಿ ಮಲ್ಲರ ತರಬೇತಿಯನ್ನು ವಿವರಿಸುವಾಗ ನಡಿಗೆ, ಈಜು, ಕಂಬದ ಸಾಧನೆಗಳ ಜೊತೆಗೆ ‘ಭಾರಶ್ರಮ’ವನ್ನೂ ಹೆಸರಿಸಿದೆ. ಭಾರ ಎತ್ತಿ ಬಲ ಬೆಳೆಸುವ ವಿದ್ಯೆ ಪರದೇಶದ ಜಿಮ್ಮಿನಿಂದ ನಮಗೆ ಬಂದದ್ದಲ್ಲ ಎಂಬುದಕ್ಕೆ ಈ ಎರಡು ಸಾಕ್ಷಿಗಳು ಸಾಕು. ಹಾಗಿದ್ದೂ ಅರವತ್ತು ದಾಟಿದವರು ಒಂದು ಡಂಬೆಲ್ ಹಿಡಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಭಾರಕ್ಕೂ ಮುಪ್ಪಿಗೂ ನಡುವೆ ಈ ಗೆರೆಯನ್ನು ಎಳೆದದ್ದು ದೇಹದ ನಿಯಮವಲ್ಲ, ಇತಿಹಾಸ. ಇತಿಹಾಸ ಎಳೆದ ಗೆರೆಯನ್ನು ಅಳಿಸಲು ಸಾಧ್ಯ ಎಂಬುದೇ ಈ ಬರಹದ ವಾದ.

ಗರಡಿ ಯಾರಿಗಾಗಿ ನಡೆಯುತ್ತಿತ್ತು ಎಂದು ಕೇಳಿದರೆ ಗೆರೆ ಹುಟ್ಟಿದ ಕಾರಣ ತಿಳಿಯುತ್ತದೆ. ‘ಮಾನಸೋಲ್ಲಾಸ’ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವಿಂಗಡಿಸುತ್ತದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವ ಹೊಣೆಯನ್ನು ಅರಸನ ಮೇಲೆ ಹೊರಿಸುತ್ತದೆ. ಅದರ ಗುರಿ ಅರಸನ ವಿನೋದ, ಮಲ್ಲನ ದೀರ್ಘಾಯುಷ್ಯವಲ್ಲ. ಮೈಸೂರಿನಲ್ಲಿ ಜಟ್ಟಿ ಸಮುದಾಯ ಉಳಿಸಿಕೊಂಡು ಬಂದ ವಜ್ರಮುಷ್ಟಿ ಕಾಳಗವೂ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವಂಥದ್ದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು ಕಲ್ಲು, ಉಸುಕಿನ ಚೀಲ ಎತ್ತುವ ಪಂದ್ಯಗಳಲ್ಲೂ ಜನ ನೋಡಲು ಸೇರುವುದು ಹರೆಯದ ಪೈಲ್ವಾನರ ಕಸುವನ್ನೇ. ದಂಡೆ, ಬಸ್ಕಿ, ಗದೆ, ಲೋಡುಗಳ ಸಾಧನೆಯೆಲ್ಲ ಕಣದಲ್ಲಿ ಗೆಲ್ಲುವುದಕ್ಕೆಂದು ಮೀಸಲಾದಾಗ, ಗೆಲ್ಲುವ ವಯಸ್ಸು ಮುಗಿದವನಿಗೆ ಅಲ್ಲಿ ಉಳಿಯುವ ಜಾಗ ಗುರುವಿನದು ಮಾತ್ರ. ಹಿರಿಯ ವಸ್ತಾದರು ಪಟ್ಟು ಹೇಳಿಕೊಟ್ಟರು, ಮೂಳೆ ಕೂಡಿಸಿದರು, ಪೂಜೆ ನಡೆಸಿದರು. ಅಷ್ಟು ದೊಡ್ಡ ವಿದ್ಯೆ ಅವರ ಕೈಯಲ್ಲಿದ್ದೂ, ಅದು ಮುಪ್ಪಿಗೂ ಬೇಕಾದ ಸಾಧನೆ ಎಂಬ ವಿಚಾರ ಬೆಳೆಯಲಿಲ್ಲ. ಹೆಂಗಸರ ಪಾಲಿಗಂತೂ ಗರಡಿಯ ಬಾಗಿಲು ಸಾಮಾನ್ಯವಾಗಿ ತೆರೆಯಲೇ ಇಲ್ಲ.

ಇದಕ್ಕೆ ಮೊದಲ ಆಕ್ಷೇಪ ಶಾಸ್ತ್ರದ ಕಡೆಯಿಂದಲೇ ಬರಬಹುದು. ವಾಗ್ಭಟನ ‘ಅಷ್ಟಾಂಗಹೃದಯ’ ವ್ಯಾಯಾಮ ಬಿಡಬೇಕಾದವರ ಸಾಲಿನಲ್ಲಿ ಮಕ್ಕಳು, ಅಜೀರ್ಣದವರ ಜೊತೆ ಮುದುಕರನ್ನೂ ಸೇರಿಸಿದೆ. ಹಾಗಾದರೆ ನಮ್ಮ ವೈದ್ಯ ಪರಂಪರೆಯೇ ಇದನ್ನು ತಡೆದಿದೆಯಲ್ಲ ಎನ್ನಬಹುದು. ಆದರೆ ಪರಂಪರೆ ಒಂದೇ ದನಿಯಲ್ಲಿ ಮಾತಾಡಿಲ್ಲ. ವ್ಯಾಯಾಮ ಮಾಡುವವನ ಮೇಲೆ ಮುಪ್ಪು ಥಟ್ಟನೆ ಎರಗುವುದಿಲ್ಲ ಎಂಬ ಅರ್ಥದ ಮಾತು ಸುಶ್ರುತ ಸಂಹಿತೆಯಲ್ಲಿದೆ. ಅದೇ ಸಂಹಿತೆ ಮಧ್ಯವಯಸ್ಸನ್ನು ಎಪ್ಪತ್ತರವರೆಗೂ ಎಳೆಯುತ್ತದೆ. ಅಂದರೆ ಐವತ್ತೆಂಟಕ್ಕೋ ಅರವತ್ತಕ್ಕೋ ನಿವೃತ್ತಿಯಾದವರನ್ನು ಕೈಕಟ್ಟಿ ಕೂರಿಸುವ ನಮ್ಮ ರೂಢಿಗೆ ಅಲ್ಲಿ ಆಧಾರ ಸಿಗುವುದಿಲ್ಲ. ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ದುಡಿಸಬೇಕು, ಹಣೆಯಲ್ಲೂ ಕಂಕುಳಲ್ಲೂ ಬೆವರು ಮೂಡಿದಾಗ ನಿಲ್ಲಿಸಬೇಕು ಎಂಬ ಹಳೆಯ ಸೂತ್ರದಲ್ಲಿ ಭಾರವನ್ನು ಅಳೆಯುವುದು ಅವರವರ ಬಲದಿಂದಲೇ. ಅಳತೆ ಹೀಗಿದ್ದರೆ ಎಪ್ಪತ್ತೈದರ ಅಜ್ಜಿಗೂ ಅದರಲ್ಲಿ ಪಾಲಿದೆ. ವಾಗ್ಭಟನ ಎಚ್ಚರಿಕೆ ಅತಿಯಾದ ಶ್ರಮಕ್ಕೆ ಸರಿಯಾದದ್ದು. ಅದನ್ನು ಎಲ್ಲ ಶ್ರಮಕ್ಕೂ ಹಾಕಿದ ಬೀಗವೆಂದು ತಿಳಿದದ್ದೇ ತಪ್ಪಾಯಿತು.

ಎರಡನೆಯ ಆಕ್ಷೇಪಕ್ಕೆ ಇನ್ನೂ ತೂಕವಿದೆ. ನಮ್ಮ ಹಿರಿಯರು ಗರಡಿಗೆ ಹೋಗದೆಯೇ ಗಟ್ಟಿಯಾಗಿದ್ದರಲ್ಲ? ನಿಜ, ಅವರ ದಿನದ ತುಂಬ ಭಾರವಿತ್ತು. ಒನಕೆಯಲ್ಲಿ ಭತ್ತ ಕುಟ್ಟುವುದು, ಬೀಸುಕಲ್ಲಿನಲ್ಲಿ ರಾಗಿ ಬೀಸುವುದು, ಬಾವಿಯಿಂದ ನೀರು ಸೇದಿ ಕೊಡ ಹೊರುವುದು, ಮೂಟೆಯನ್ನು ಹೆಗಲಿಗೇರಿಸುವುದು ಎಲ್ಲವೂ ಸ್ನಾಯುವನ್ನು ಎಳೆದು ದುಡಿಸುವ ಕೆಲಸಗಳೇ. ಇಪ್ಪತ್ತನೆಯ ಶತಮಾನದಲ್ಲಿ ಹಿಟ್ಟಿನ ಗಿರಣಿ, ನಲ್ಲಿ, ಮಿಕ್ಸಿ, ಗ್ಯಾಸ್ ಒಲೆ ಒಂದೊಂದಾಗಿ ಬಂದು ಈ ಭಾರವನ್ನು ಇಳಿಸಿದವು. ಇಳಿಸಿದ್ದು ಒಳ್ಳೆಯದೇ ಆಯಿತು. ಆ ದುಡಿಮೆಯನ್ನು ಈಗ ಹೊಗಳಿ ಹಾಡುವುದು ಅನ್ಯಾಯ. ಅದಕ್ಕೆ ಮಿತಿಯಿರಲಿಲ್ಲ, ಬಿಡುವಿರಲಿಲ್ಲ. ದುಡಿದ ಹೆಣ್ಣಿಗೆ ಅನೇಕ ಮನೆಗಳಲ್ಲಿ ಕೊನೆಗೆ ಉಳಿದದ್ದೇ ಊಟ. ಬಸುರಿ ಬಾಣಂತಿ ಎನ್ನದೆ ಹೊತ್ತ ಕೊಡ ಸೊಂಟವನ್ನು ಸವೆಸಿತೇ ಹೊರತು ಪೋಷಿಸಲಿಲ್ಲ. ಅಲ್ಲದೆ ಗಟ್ಟಿಮುಟ್ಟಾದ ಅಜ್ಜಂದಿರು ನಮ್ಮ ನೆನಪಿನಲ್ಲಿದ್ದಾರೆ, ಐವತ್ತಕ್ಕೇ ತೀರಿಕೊಂಡವರು ಇಲ್ಲ. ಸಾಧನೆಯಲ್ಲಿ ಭಾರ ಅಳತೆಯಲ್ಲಿ ಏರುತ್ತದೆ, ವಿಶ್ರಾಂತಿ ಸಿಗುತ್ತದೆ, ಆಹಾರ ಜೊತೆಗಿರುತ್ತದೆ. ಗರಡಿಗೆ ಈ ಅಳತೆ ಗೊತ್ತಿತ್ತು. ಅಡುಗೆಮನೆಗೂ ಹೊಲಕ್ಕೂ ಗೊತ್ತಿರಲಿಲ್ಲ. ದುಡಿಮೆಯ ಭಾರ ಹೋದ ಜಾಗದಲ್ಲಿ ಸಾಧನೆಯ ಭಾರ ಬರಬೇಕಿತ್ತು. ಹೆಚ್ಚಿನವರ ಪಾಲಿಗೆ ಏನೂ ಬರಲಿಲ್ಲ.

ಬರುವ ಅವಕಾಶ ಇರಲಿಲ್ಲವೆಂದಲ್ಲ. ಜರ್ಮನ್ ಮೂಲದ ಬಲಸಾಧಕ ಯೂಜೆನ್ ಸ್ಯಾಂಡೊ 1904–05ರಲ್ಲಿ ಭಾರತ ಸುತ್ತಿ ಹೋದ ನಂತರ ಡಂಬೆಲ್ಲು, ಬಾರ್‌ಬೆಲ್ಲುಗಳಿಗೆ ಇಲ್ಲಿ ಹೊಸ ಹುರುಪು ಬಂತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದ, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದ ಕೆ.ವಿ. ಅಯ್ಯರ್ ಭಾರದ ಸಾಧನೆಯನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದರು. ಅಂಚೆಯ ಮೂಲಕವೂ ಪಾಠ ಕಳಿಸಿದರು. ಆದರೆ ಆ ಕಾಲದ ಆದರ್ಶ ಕನ್ನಡಿಯ ಮುಂದೆ ನಿಲ್ಲುವ ಸುಂದರ ದೇಹ. ಆಮೇಲೆ 1968ರಲ್ಲಿ ಅಮೆರಿಕದ ವೈದ್ಯ ಕೆನೆತ್ ಕೂಪರ್ ಬರೆದ ‘ಏರೋಬಿಕ್ಸ್’ ಪುಸ್ತಕ ಓಟ, ನಡಿಗೆಗಳನ್ನು ಆರೋಗ್ಯದ ಮುಖ್ಯ ದಾರಿಯಾಗಿಸಿತು. ‘ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಸಂಸ್ಥೆ 1978ರಲ್ಲಿ ಕೊಟ್ಟ ವ್ಯಾಯಾಮದ ಸಲಹೆ ಮುಖ್ಯವಾಗಿ ಹೃದಯ, ಶ್ವಾಸಕೋಶಗಳ ಕುರಿತಾಗಿತ್ತು. ಸ್ನಾಯುಬಲದ ಸಾಧನೆ ಅದಕ್ಕೆ ಸೇರಿದ್ದು 1990ರಲ್ಲಿ. ಹಿರಿಯರಿಗೆ ವಾಕಿಂಗ್ ಒಂದೇ ಸಾಕು ಎಂಬ ಇಂದಿನ ನಂಬಿಕೆಗೆ ಈ ಕಾಲಘಟ್ಟದ ನೆರಳಿದೆ.

ಆ ನಂಬಿಕೆಯನ್ನು ಅಲುಗಾಡಿಸಿದ ಪ್ರಯೋಗವೂ 1990ರದ್ದೇ. ಬಾಸ್ಟನ್ನಿನ ವೈದ್ಯೆ ಮಾರಿಯಾ ಫಿಯಾಟರೋನ್ ತಂಡ ವೃದ್ಧರ ಆರೈಕೆಗೃಹದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿತು. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಹತ್ತು ಜನರ ಪ್ರಯೋಗ ಎಷ್ಟರ ಮಟ್ಟಿಗೆ ಪುರಾವೆ ಎಂದು ಕೇಳುವುದು ನ್ಯಾಯವೇ. ಅದೇ ತಂಡ 1994ರಲ್ಲಿ ನೂರು ಮಂದಿ ವೃದ್ಧರನ್ನು ಹತ್ತು ವಾರ ಪರೀಕ್ಷಿಸಿತು. ಅವರ ಸರಾಸರಿ ವಯಸ್ಸು 87. ಭಾರ ಎತ್ತಿದವರ ಬಲ ಶೇ 113ರಷ್ಟು ಏರಿತು, ನಡಿಗೆಯ ವೇಗ ಹೆಚ್ಚಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯ ಮಾತ್ರ ಕುಡಿದವರಿಗೆ ಅಂಥ ಲಾಭವಾಗಲಿಲ್ಲ. ಹಾಲು, ತುಪ್ಪ, ಟಾನಿಕ್ಕುಗಳಲ್ಲಷ್ಟೇ ಅಪ್ಪ ಅಮ್ಮನ ಬಲ ಕಾಯಲು ಹೊರಡುವ ನಾವು ನೆನಪಿಡಬೇಕಾದ ಮಾತಿದು. ವಯಸ್ಸಾದಂತೆ ಸ್ನಾಯು ಕರಗುವುದು ಸಹಜ. ಆದರೆ ದುಡಿಸಿದರೆ ತೊಂಬತ್ತರಲ್ಲೂ ಅದು ಬಲಗೂಡುತ್ತದೆ.

ಅಪಾಯದ ಮಾತನ್ನು ಬದಿಗೆ ಸರಿಸುವಂತಿಲ್ಲ. ಹತೋಟಿಗೆ ಬಾರದ ರಕ್ತದೊತ್ತಡ, ಹೃದಯದ ತೊಂದರೆ, ಇತ್ತೀಚೆಗೆ ಆದ ಶಸ್ತ್ರಚಿಕಿತ್ಸೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು; ಉಸಿರು ಬಿಗಿಹಿಡಿದು ಎತ್ತಬಾರದು. ಮೂಳೆ ಸವೆದವರಿಗೆ ಭಾರ ಬೇಡವೇ ಬೇಡ ಎಂಬ ಭಯಕ್ಕೆ ಆಸ್ಟ್ರೇಲಿಯಾದ ‘ಲಿಫ್ಟ್‌ಮೋರ್’ ಪ್ರಯೋಗ ಉತ್ತರ ಕೊಟ್ಟಿದೆ. ಮುಟ್ಟು ನಿಂತ, ಮೂಳೆಯ ಸಾಂದ್ರತೆ ಇಳಿದಿದ್ದ ಮಹಿಳೆಯರು ತರಬೇತುದಾರರ ಕಣ್ಣೆದುರು ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ ಎಂಟು ತಿಂಗಳು ಭಾರ ಎತ್ತಿದಾಗ ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ಕಣ್ಣೆದುರು ಎಂಬ ಮಾತೇ ಇಲ್ಲಿ ಮುಖ್ಯ, ಗರಡಿಯ ವಸ್ತಾದರು ಮಾಡುತ್ತಿದ್ದುದೂ ಅದನ್ನೇ. ನಡಿಗೆ, ಯೋಗ ಎರಡೂ ಒಳ್ಳೆಯವು. ಆದರೆ ಎದೆಗೆ, ಮನಸ್ಸಿಗೆ ಆಗುವ ಉಪಕಾರ ತೊಡೆಯ ಬಲದ ಕೊರತೆಯನ್ನು ತುಂಬುವುದಿಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು, ಬಚ್ಚಲಲ್ಲಿ ಜಾರದೆ ನಿಲ್ಲುವುದು, ಬಸ್ಸಿನ ಮೆಟ್ಟಿಲು ಹತ್ತುವುದು ಮೊದಲಿಗೆ ತೊಡೆಯ ಬಲದ ಪ್ರಶ್ನೆಗಳು.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೂ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು ಹೇಳಿದೆ. ಅದನ್ನು ಪಾಲಿಸಲು ಬೇಕಾದ ನೆಲ, ಸಾಮಗ್ರಿ, ಗುರುಪರಂಪರೆ ನಮ್ಮ ಊರುಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಉಳಿದಿರುವ ಗರಡಿ ಮನೆಗಳು ವಾರಕ್ಕೆರಡು ಬೆಳಗನ್ನು ಹಿರಿಯರಿಗೆ, ಹಿರಿಯ ಹೆಂಗಸರಿಗೂ ಬಿಟ್ಟುಕೊಡಲಿ. ನಗರಸಭೆ, ಪಂಚಾಯಿತಿಗಳು ಉದ್ಯಾನದ ಜಿಮ್ಮಿನ ಜೊತೆಗೆ ಕಲಿಸುವವರನ್ನೂ ನೇಮಿಸಲಿ. ಮನೆಯಲ್ಲಿ ಹಿರಿಯರಿರುವವರು ಅವರ ಕೈಯಿಂದ ಚೀಲ ಕಸಿದುಕೊಳ್ಳುವ ಪ್ರೀತಿಯನ್ನು ಸ್ವಲ್ಪ ತಡೆಹಿಡಿದು, ಅವರ ಬಲಕ್ಕೆ ತಕ್ಕ ಭಾರವನ್ನು ಅವರಿಗೇ ಬಿಡಲಿ.