ನೆಸ್ಲೆ

ಸ್ವಿಟ್ಜರ್‌ಲೆಂಡ್‌ನ ಬಹುರಾಷ್ಟ್ರೀಯ ಆಹಾರ ಮತ್ತು ಪಾನೀಯ ಕಂಪನಿ. ಕೇಂದ್ರ ಕಚೇರಿ ಜಿನೀವಾ ಸರೋವರದ ದಂಡೆಯಲ್ಲಿರುವ ವೆವೆ ಪಟ್ಟಣದಲ್ಲಿದೆ. ಅದರ ಮೊದಲ ಏಳೆಂಟು ದಶಕಗಳ ಏಳಿಗೆಯನ್ನು, ಮುಖ್ಯವಾಗಿ, ಹಾಲು ಮತ್ತು ಕಾಫಿಯಿಂದ ನೀರು ತೆಗೆಯುವ ಕಸುಬಿನ ಕಥೆ ಎನ್ನಬಹುದು. ನೀರಿನಂಶ ಇಳಿದರೆ ಸರಕು ಬೇಗ ಕೆಡುವುದಿಲ್ಲ. ಹಡಗೇರಿ ಎಷ್ಟು ದೂರ ಬೇಕಾದರೂ ಹೋಗುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ ವೆವೆಯಲ್ಲಿ ನೆಲೆಸಿದ್ದ ಹೆನ್ರಿ ನೆಸ್ಲೆ (1814–1890) 1867ರಲ್ಲಿ ಹಸುವಿನ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಎದೆಹಾಲು ಸಿಗದ ಶಿಶುಗಳಿಗೆಂದು ಪುಡಿ ತಯಾರಿಸಿದ. ಅದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಪೇಜ್ ಸಹೋದರರು ಚಾಮ್ ಎಂಬಲ್ಲಿ ಆಂಗ್ಲೋ-ಸ್ವಿಸ್ ಕಂಪನಿ ಕಟ್ಟಿ, ಕಂಡೆನ್ಸ್ಡ್ ಹಾಲನ್ನು ಡಬ್ಬಿಗೆ ತುಂಬಲು ಆರಂಭಿಸಿದ್ದರು. ನಮ್ಮಲ್ಲಿ ಪಾಯಸ, ಬರ್ಫಿಗೆ ಬಳಸುವ ಮಿಲ್ಕ್‌ಮೇಡ್ ಡಬ್ಬಿಯ ಮೂಲ ಅಲ್ಲಿದೆ. ನೆಸ್ಲೆ 1875ರಲ್ಲೇ ಕಂಪನಿಯನ್ನು ಹೆಸರಿನ ಸಮೇತ ಮಾರಿ ವಿಶ್ರಾಂತ ಜೀವನಕ್ಕೆ ಹೋದ. ಹೀಗಾಗಿ ಕಂಪನಿಯನ್ನು ಬೆಳೆಸಿದವರು ಅವನ ಹೆಸರು ಕೊಂಡವರೇ. ಒಬ್ಬರ ಸರಕನ್ನು ಇನ್ನೊಬ್ಬರು ಮಾಡುತ್ತ ವರ್ಷಗಟ್ಟಲೆ ಸೆಣಸಿದ ಎರಡು ಕಂಪನಿಗಳೂ 1905ರಲ್ಲಿ ಒಂದಾದವು. 1929ರಲ್ಲಿ ಪೀಟರ್, ಕೈಯೆ, ಕೊಹ್ಲರ್ ಚಾಕೊಲೇಟ್ ಉದ್ಯಮ ಸೇರಿತು.

ಅದೇ ವರ್ಷದ ಆರ್ಥಿಕ ಕುಸಿತದಿಂದ ಬ್ರೆಜಿಲ್‌ನ ಗೋದಾಮುಗಳಲ್ಲಿ ಕಾಫಿ ಬೀಜ ಕೊಳ್ಳುವವರಿಲ್ಲದೆ ಉಳಿಯಿತು. ಅದನ್ನು ಬಿಸಿನೀರಿಗೆ ಹಾಕಿದೊಡನೆ ಕರಗುವಂತೆ ಮಾಡಲಾದೀತೇ ಎಂಬ ಕೋರಿಕೆ ನೆಸ್ಲೆಗೆ ಬಂತು. ಡಿಕಾಕ್ಷನ್ ಒಣಗಿಸುವುದಷ್ಟೇ ಸಮಸ್ಯೆಯಾಗಿರಲಿಲ್ಲ, ಘಮ ಹಾರಿಹೋಗದಂತೆ ಹಿಡಿದಿಡಬೇಕಿತ್ತು. ವರ್ಷಗಳ ಪ್ರಯೋಗದ ಬಳಿಕ ಮ್ಯಾಕ್ಸ್ ಮಾರ್ಗೆಂಥೇಲರ್ ಎಂಬ ರಸಾಯನಶಾಸ್ತ್ರಜ್ಞ, ಕಾರ್ಬೋಹೈಡ್ರೇಟ್ ಬೆರೆಸಿ ಒಣಗಿಸಿದರೆ ರುಚಿ ಉಳಿಯುತ್ತದೆಂದು ಕಂಡುಕೊಂಡ. 1938ರಲ್ಲಿ ನೆಸ್‌ಕೆಫೆ ಬಂತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಪಡಿತರಕ್ಕೆ ಸೇರಿದ ಈ ಪುಡಿ ಪ್ರಪಂಚ ಸುತ್ತಿತು. ಫಿಲ್ಟರ್ ಕಾಫಿಯ ಮನೆಗಳು ಅದನ್ನು ಇಂದಿಗೂ ಪೂರ್ತಿ ಒಪ್ಪಿಲ್ಲ, ಆ ಮಾತು ಬೇರೆ.

ಆಮೇಲಿನ ಬೆಳವಣಿಗೆ ಹೆಚ್ಚಾಗಿ ಖರೀದಿ, ವಿಲೀನಗಳದ್ದು: 1947ರಲ್ಲಿ ಮ್ಯಾಗಿ, 1985ರಲ್ಲಿ ಕಾರ್ನೇಷನ್, 1988ರಲ್ಲಿ ಕಿಟ್‌ಕ್ಯಾಟ್‌ನ ರೌನ್‌ಟ್ರೀ. ನೀರು ತೆಗೆದು ಬೆಳೆದ ಕಂಪನಿ 1992ರಲ್ಲಿ ಪೆರಿಯೆ ಕೊಂಡು ಬಾಟಲಿ ನೀರಿನ ದೊಡ್ಡ ವ್ಯಾಪಾರಿಯೂ ಆಯಿತು.

ಟೀಕೆಯೂ ಜೊತೆಗೇ ಬೆಳೆಯಿತು. ಬಡ ದೇಶಗಳಲ್ಲಿ ಹಾಲಿನಪುಡಿಯನ್ನು ಎದೆಹಾಲಿಗೆ ಬದಲಿಯೆಂಬಂತೆ ಪ್ರಚಾರ ಮಾಡಲಾಗುತ್ತಿದೆ, ಕೊಳಕು ನೀರಿನಲ್ಲಿ ಕಲಸಿದ ಪುಡಿ ಶಿಶುಗಳ ಜೀವಕ್ಕೆ ಎರವಾಗುತ್ತಿದೆ ಎಂಬ ಆರೋಪದ ಮೇಲೆ 1977ರಲ್ಲಿ ಅಮೆರಿಕದಲ್ಲಿ ಬಹಿಷ್ಕಾರ ಶುರುವಾಯಿತು. ಈ ವಿವಾದದ ಒತ್ತಡದಲ್ಲೇ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರಾಟ ಸಂಹಿತೆ ರೂಪುಗೊಂಡಿತು.

ಭಾರತದಲ್ಲಿ ಕಂಪನಿಯ ವ್ಯಾಪಾರ 1912ರಿಂದ ಇದೆ. ಪಂಜಾಬಿನ ಮೋಗಾದಲ್ಲಿ 1960ರ ದಶಕದ ಆರಂಭದಲ್ಲಿ ಮೊದಲ ಕಾರ್ಖಾನೆ ತೆರೆಯಿತು; ಮೈಸೂರು ಜಿಲ್ಲೆಯ ನಂಜನಗೂಡಿನಲ್ಲೂ ಒಂದಿದೆ. 2015ರ ಜೂನ್‌ನಲ್ಲಿ ಸೀಸದ ಅಂಶ ಮಿತಿಮೀರಿದೆಯೆಂದು ಮ್ಯಾಗಿ ನೂಡಲ್ಸ್ ನಿಷೇಧವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದುಪಡಿಸಿ ಮರುಪರೀಕ್ಷೆಗೆ ಆದೇಶಿಸಿತು. ಪರೀಕ್ಷೆಯಲ್ಲಿ ಪಾಸಾದ ಮ್ಯಾಗಿ ನವೆಂಬರ್‌ನಲ್ಲಿ ಅಂಗಡಿಗೆ ಮರಳಿತು. ಅಷ್ಟರಲ್ಲಿ 30,000 ಟನ್ನಿಗೂ ಹೆಚ್ಚು ಸರಕು ನಾಶವಾಗಿತ್ತು.