‘ಪ್ಲೇ ಇಟ್ ಬೈ ಇಯರ್’: ಒಂದು ನುಡಿಗಟ್ಟಿನ ಚರಿತ್ರೆ

ಮೊದಲೇ ಕಟ್ಟುನಿಟ್ಟಾಗಿ ಯೋಜಿಸದೆ, ಸಂದರ್ಭವನ್ನರಿತು ಮುಂದಿನ ಹೆಜ್ಜೆಯನ್ನಿಡುವುದಕ್ಕೆ ಇಂಗ್ಲಿಷಿನ ಆಡುಮಾತಿನಲ್ಲಿ ‘ಪ್ಲೇ ಇಟ್ ಬೈ ಇಯರ್’ ಎನ್ನುವುದುಂಟು. ನಾಳೆ ಎಷ್ಟು ಹೊತ್ತಿಗೆ ಹೊರಡೋಣವೆಂದು ಗೆಳೆಯನು ಕೇಳಿದರೆ ‘ಆಗ ನೋಡಿಕೊಳ್ಳೋಣ’ ಎಂಬ ಉತ್ತರಕ್ಕೆ ಇದು ಸಮಾನ. ಆದರೆ ಪದಶಃ ಅರ್ಥ ‘ಕಿವಿಯ ಆಧಾರದಿಂದ ನುಡಿಸುವುದು’ ಎಂದು. ಯೋಜನೆಗೂ ಕಿವಿಗೂ ಇರುವ ಸಂಬಂಧವನ್ನು ಸಂಗೀತದ ಚರಿತ್ರೆಯಲ್ಲಿ ಅರಸಬೇಕು.

16ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಮುದ್ರಿತ ಸ್ವರಲಿಪಿಯ ಬಳಕೆ ಹೆಚ್ಚಿತು. ಅದನ್ನು ಓದಬಲ್ಲವನೇ ಸುಶಿಕ್ಷಿತನೆಂಬ ಭಾವನೆಯೂ ಬೆಳೆಯಿತು. 1597ರಲ್ಲಿ ಪ್ರಕಟವಾದ ಥಾಮಸ್ ಮಾರ್ಲೆಯ ಸಂಗೀತಬೋಧಿನಿಯಲ್ಲಿ ಫಿಲೊಮ್ಯಾಥೀಸ್ ಎಂಬ ಕಲ್ಪಿತ ಪಾತ್ರವು ಬರುತ್ತದೆ. ಔತಣದ ತರುವಾಯ ಹಾಡಿನ ಪುಸ್ತಕವನ್ನು ಮುಂದಿಟ್ಟಾಗ ಓದಿ ಹಾಡಲಾರದೆ ನಾಚಿದ ಅವನು ಗುರುವನ್ನರಸಿ ಬರುತ್ತಾನೆ. ಲಂಡನ್ನಿನ ಪುಸ್ತಕವ್ಯಾಪಾರಿ ಜಾನ್ ಪ್ಲೇಫರ್ಡನು 1654ರಲ್ಲಿ ಮೊದಲು ಹೊರತಂದ ಸಂಗೀತಪ್ರವೇಶಿಕೆಯ ಮುಂದಿನ ಆವೃತ್ತಿಗಳಲ್ಲಿ, ಪುಸ್ತಕವಿಲ್ಲದೆ ಕಿವಿಯಿಂದ ಕಲಿತು ನುಡಿಸುವ ಮಾತು ಕಾಣುತ್ತದೆ. ಕೇಳಿ ಕಲಿಯುವುದು ಪುರಾತನವಾದುದೇ. ಓದಿ ನುಡಿಸುವ ಕ್ರಮವು ಬಳಕೆಗೆ ಬಂದಾಗ ಅದನ್ನು ಬೇರ್ಪಡಿಸಿ ಹೇಳುವ ಅಗತ್ಯವುಂಟಾಯಿತು.

ಲಾಕ್ಷಣಿಕ ಪ್ರಯೋಗವು ಬಹುಕಾಲದ ಮೇಲೆ, 20ನೆಯ ಶತಮಾನದ ಅಮೆರಿಕದ ಬಳಕೆಯಲ್ಲಿ ರೂಢಿಗೆ ಬಂದಿತು. ಸ್ವರಲಿಪಿಯ ಸ್ಥಾನದಲ್ಲಿ ಯೋಜನೆಯೂ, ಕಿವಿಯ ಸ್ಥಾನದಲ್ಲಿ ಸಂದರ್ಭಜ್ಞಾನವೂ ನಿಂತವು. ಹಿಂದೆ ರಾಗವನ್ನು ಸೂಚಿಸುತ್ತಿದ್ದ ‘ಇಟ್’ ಎಂಬ ಸರ್ವನಾಮ ಈಗ ಯಾವ ವಿಷಯಕ್ಕಾದರೂ ಸಲ್ಲುತ್ತದೆ.

ಈ ಅರ್ಥವಿಸ್ತಾರದಲ್ಲಿ ಒಂದು ನಷ್ಟವೂ ಉಂಟು. ಕಿವಿಯಿಂದ ನುಡಿಸುವವನು ಸಿದ್ಧತೆಯಿಲ್ಲದವನಲ್ಲ. ಅಮೆರಿಕದ ಖ್ಯಾತ ಜಾಸ್ ಪಿಯಾನೊವಾದಕ ಎರಲ್ ಗಾರ್ನರ್ (1921–1977) ಸ್ವರಲಿಪಿಯನ್ನು ಓದಲು ಕಲಿಯಲೇ ಇಲ್ಲ. ಆದರೂ 1954ರಲ್ಲಿ ಅವನು ರಚಿಸಿದ ‘ಮಿಸ್ಟಿ’ ಲೋಕಪ್ರಸಿದ್ಧವಾಯಿತು. ಅವನ ಸ್ವಾತಂತ್ರ್ಯಕ್ಕೆ ಆಧಾರ ಪಳಗಿದ ಕಿವಿ. ಇಂದಿನ ಬಳಕೆಯಲ್ಲಾದರೋ ಸ್ವಾತಂತ್ರ್ಯವು ಉಳಿದು ಪಳಗಿಕೆಯು ಮರೆಯಾಗಿದೆ. ಆಲೋಚಿಸಲು ಬೇಸರಪಟ್ಟವನೂ ಈ ಮಾತಿನ ಮರೆಹೊಗಬಹುದು.

ಕನ್ನಡಿಸುವವರು ಈ ಭೇದವನ್ನು ಗಮನಿಸಬೇಕು. ‘ಬಂದಂತೆ ಆಗಲಿ’ ಎಂದರೆ ಉದಾಸೀನವು ತೋರುತ್ತದೆ. ‘ಸಮಯ ನೋಡಿಕೊಂಡು ನಡೆಯುವುದು’ ಎಂದರೆ, ಕಿವಿ ಹೋಗಿ ಕಣ್ಣು ಬಂದರೂ, ಮೂಲದ ಎಚ್ಚರವಾದರೂ ಉಳಿಯುತ್ತದೆ.