ಕಳೆದುಹೋದ ಅಕ್ಷರ, ತಪ್ಪಿಹೋದ ಹೆಸರು



ಆರರ ನಂತರದ ಸಂಖ್ಯೆಗೆ ನಾವು ಏಳು ಎನ್ನುತ್ತೇವೆ. ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ನೆರೆಯವರು ತೆಲುಗಿನಲ್ಲಿ ಏಡು ಎನ್ನುತ್ತಾರೆ. ಹೊಸೂರು, ತಾಳವಾಡಿಯ ತಮಿಳರೂ ಕಾಸರಗೋಡಿನ ಮಲಯಾಳಿಗಳೂ ಅದೇ ಮಾತನ್ನು ನಾಲಗೆ ಹಿಂದಕ್ಕೆ ಮಡಚಿ, ಅಂಗುಳಿಗೆ ತಾಗಿಸದೆ ನುಡಿಯುತ್ತಾರೆ. ನಮ್ಮ ಕೋಳಿ ತೆಲುಗರಿಗೆ ಕೋಡಿ. ತಮಿಳರ, ಮಲಯಾಳಿಗಳ ಬಾಯಲ್ಲಿ ಅಲ್ಲಿಯೂ ಅದೇ ಮಡಚಿದ ನಾಲಗೆಯ ದನಿ. ತಮಿಳು ಎಂಬ ಹೆಸರಿನ ಕೊನೆಗೆ ತಮಿಳರು ನುಡಿಯುವುದೂ ಅದನ್ನೇ.

ಈ ದನಿ ಒಂದು ಕಾಲಕ್ಕೆ ನಮ್ಮದೂ ಆಗಿತ್ತು. ಅದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವೇ ಇತ್ತು: ೞ. ಹಳಗನ್ನಡದಲ್ಲಿ ಏೞ್, ಕೋೞಿ, ಮೞೆ ಎಂದೇ ಬರೆಯುತ್ತಿದ್ದರು. ಕಾಲ ಕಳೆದಂತೆ ಕನ್ನಡಿಗರ ನಾಲಗೆ ಈ ದನಿಯನ್ನು ಬಿಟ್ಟಿತು. ಹೆಚ್ಚಿನ ಮಾತುಗಳಲ್ಲಿ ಅದು ಳ ಆಯಿತು. ಕೆಲವು ಕಡೆ ಪಕ್ಕದ ವ್ಯಂಜನದಲ್ಲಿ ಕರಗಿಹೋಯಿತು. ಪೊೞ್ತು ಹೊತ್ತಾದದ್ದು, ಗೞ್ದೆ ಗದ್ದೆಯಾದದ್ದು ಹೀಗೆಯೇ.

ಸುಮಾರು ಕ್ರಿ.ಶ. 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ ಈ ಗೊಂದಲವನ್ನು ಬಲ್ಲವನಾಗಿದ್ದ. ಅವನು ಮೂರು ಬಗೆಯ ಳಕಾರಗಳಿಗೆ ಮೂರು ಹೆಸರು ಹೇಳಿದ. ಸಂಸ್ಕೃತದ ಲಕಾರದಿಂದ ಬಂದದ್ದು ಕ್ಷಳ, ಅಚ್ಚಗನ್ನಡದ ಸಹಜ ಳಕಾರ ಕುಳ, ನಾವು ಈಗ ಹೇಳುತ್ತಿರುವ ೞ ರಳ. ಹೆಸರಿಟ್ಟು ಸುಮ್ಮನಾಗದೆ, ಯಾವ ಯಾವ ಮಾತುಗಳಲ್ಲಿ ರಳ ಬರುತ್ತದೆಂದು ಪಟ್ಟಿಯನ್ನೂ ಕೊಟ್ಟ. ಕಿವಿ ಮರೆತದ್ದನ್ನು ಓಲೆಯಾದರೂ ನೆನಪಿಡಲಿ ಎಂಬಂತೆ.

ಇನ್ನು ನಮ್ಮ ಕಾಲಕ್ಕೆ ಬನ್ನಿ. ಲೋಕದ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕೆ ತಿಳಿಸಲು ಯೂನಿಕೋಡ್ ಎಂಬ ವ್ಯವಸ್ಥೆ 1990ರ ದಶಕದಲ್ಲಿ ರೂಪುಗೊಂಡಿತು. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಇಂಗ್ಲಿಷಿನಲ್ಲಿ ಒಂದು ಹೆಸರು. ನಮ್ಮ ೞ ಅಕ್ಷರಕ್ಕೂ ಜಾಗ ಸಿಕ್ಕಿತು. ಆದರೆ ಹೆಸರು ಮಾತ್ರ ‘ಕನ್ನಡ ಲೆಟರ್ ಫಾ’ ಎಂದಾಯಿತು! ಇಂಗ್ಲಿಷಿನ ‘ಎಫ್’ ದನಿಗೂ ಇದಕ್ಕೂ ಯಾವ ನಂಟೂ ಇಲ್ಲ. ಒಮ್ಮೆ ಇಟ್ಟ ಹೆಸರನ್ನು ಅಳಿಸಬಾರದೆಂಬುದು ಅಲ್ಲಿಯ ನಿಯಮ. ಹೆಸರು ಬದಲಾದರೆ ಅದನ್ನು ನಂಬಿದ ಯಂತ್ರಗಳು ಎಡವುತ್ತವೆ. ಹಾಗಾಗಿ ತಪ್ಪು ಹೆಸರು ಹಾಗೆಯೇ ಉಳಿದಿದೆ. ತಿದ್ದುಪಡಿಯೆಂದು ‘ಳ್ಳ್ಳ’ ಎಂಬ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ.

ಆಡುವ ಬಾಯಿಲ್ಲದ ಅಕ್ಷರಕ್ಕೆ ಹೆಸರು ತಪ್ಪುವುದು ಸುಲಭ. ಆದರೆ ಗಡಿಯ ಊರಿನವರಾದ ನಿಮಗೆ ಈ ದನಿ ಅಪರಿಚಿತವಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಅದನ್ನು ದಿನವೂ ಕೇಳುವವರು ನಿಮ್ಮಲ್ಲಿ ಅನೇಕರು. ನೆರೆಯವರು ಮಳೆಯ ಮಾತೆತ್ತಿದಾಗ ಸ್ವಲ್ಪ ಕಿವಿಗೊಡಿ. ಅದು ಪರಭಾಷೆಯ ವಿಚಿತ್ರ ದನಿಯಲ್ಲ. ನಮ್ಮ ಹಿರಿಯರೂ ಆಡಿದ ದನಿ. ನಿಮ್ಮ ಮಕ್ಕಳಿಗೂ ಇದನ್ನು ಹೇಳಿ.